ಮನಸ್ಸಿನ ಸಮೃದ್ಧಿ, ಕೈಯಲ್ಲಿನ ಹಣ

ಮನೋಭಾವ ಬದಲಾದರೆ ಸಂಪತ್ತು ತಾನಾಗಿ ಬರುತ್ತದೆ ಎಂದು ಲೇಖನವೊಂದು ಹೇಳುತ್ತದೆ; ಆ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಕೊರತೆಯೇ ಮನಸ್ಸನ್ನು ಕುಗ್ಗಿಸುವುದುಂಟು: ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್, ಮನಶ್ಶಾಸ್ತ್ರಜ್ಞ ಎಲ್ಡಾರ್ ಶಫೀರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಬ್ಬು ಬೆಳೆಗಾರರು ಕಟಾವಿಗೆ ಮುನ್ನ ಕೈ ಬರಿದಾಗಿದ್ದಾಗ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು, ಹಣ ಬಂದ ಮೇಲೆ ಅವರೇ ಉತ್ತಮವಾಗಿ ಉತ್ತರಿಸಿದ್ದರು. ಆದ್ದರಿಂದ ಬಡವರ ಕಷ್ಟಕ್ಕೆ ಅವರ ಆಲೋಚನೆಯೇ ಕಾರಣವೆನ್ನುವುದು ಅನ್ಯಾಯ (ಆ ಲೇಖನ ಬರೆದವರ ಉದ್ದೇಶ ಅದಲ್ಲವೆಂದು ನಂಬಿದ್ದೇನೆ). ಹಾಗೆಂದು ಮನಸ್ಸಿನ ಸಮೃದ್ಧಿಗೆ ಬೆಲೆಯಿಲ್ಲವೆಂದಲ್ಲ. ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲ್ಲೋ ಅವರ 2003ರ ಅಧ್ಯಯನದಲ್ಲಿ, ವಾರಕ್ಕೊಮ್ಮೆ ತಮಗೆ ದೊರೆತ ಒಳಿತನ್ನು ಬರೆದಿಟ್ಟವರು ಕಿರಿಕಿರಿಗಳನ್ನು ಬರೆದವರಿಗಿಂತ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದಿದ್ದರು. ಆ ಬರವಣಿಗೆ ಸಾಲವನ್ನು ತೀರಿಸದು, ಆದರೆ ಸಾಲದ ಲೆಕ್ಕವನ್ನು ಮುಖ ತಿರುಗಿಸದೆ ನೋಡುವಷ್ಟು ಸ್ಥೈರ್ಯವನ್ನು ಅದು ಕೊಡಬಲ್ಲದೆಂದು ನಾನು ಭಾವಿಸುತ್ತೇನೆ.