ಜೋಡಿ ಲೆಕ್ಕದ ಮೀನು

ಶಿವಮೊಗ್ಗದಲ್ಲಿ ಸಾಕುವ ಮೀನಿನ ಅಂಗಡಿಗೆ ಹೋದರೆ ಬೆಲೆ ಹೇಳುವುದು ಜೋಡಿ ಲೆಕ್ಕದಲ್ಲಿ. ಗಪ್ಪಿ ಜೋಡಿಗೆ ಇಷ್ಟು, ಗೋಲ್ಡ್‌ಫಿಶ್ ಜೋಡಿಗೆ ಇಷ್ಟು, ನಿಯಾನ್ ಟೆಟ್ರಾ ಜೋಡಿಗೆ ಇಷ್ಟು. ಕೊಳ್ಳುವವರೂ ಹಾಗೇ. ಗಾಜಿನ ತೊಟ್ಟಿಗಳ ಮುಂದೆ ಒಂದು ಸುತ್ತು ಹಾಕಿ, "ಇದೊಂದು ಜೋಡಿ, ಅದೊಂದು ಜೋಡಿ, ಆ ಪಟ್ಟೆ ಪಟ್ಟೆದು ಒಂದು ಜೋಡಿ" ಅನ್ನುತ್ತಾರೆ. ಜೋಡಿ ಸಿಕ್ಕಿತು ಅಂದರೆ ನಮ್ಮ ಜನಕ್ಕೆ ದೊಡ್ಡ ಸಮಾಧಾನ. ಇನ್ನೇನು ಬೇಕು, ಸಂಸಾರ ನಡೆಯುತ್ತದೆ. ಆ ಎರಡೂ ಗಂಡೋ, ಎರಡೂ ಹೆಣ್ಣೋ ಅಂತ ಯಾರೂ ಕೇಳುವುದಿಲ್ಲ. ನಿಯಾನ್ ಟೆಟ್ರಾದಲ್ಲಿ ಕೇಳಿದರೂ ಅಂಗಡಿಯವನಿಗೆ ಹೇಳುವುದು ಕಷ್ಟ. ಹೆಣ್ಣಿನ ಹೊಟ್ಟೆ ಒಂಚೂರು ದುಂಡಗಿರುತ್ತದೆ, ಅದರಿಂದ ನೀಲಿ ಗೆರೆ ಒಂಚೂರು ಬಾಗಿದ ಹಾಗೆ ಕಾಣುತ್ತದೆ, ಅಷ್ಟೇ.

ತಮಾಷೆ ಏನೆಂದರೆ ನಿಯಾನ್‌ಗೆ ಜೋಡಿಯ ಆಸೆಯೇ ಇಲ್ಲ. ಅದಕ್ಕೆ ಬೇಕಾದ್ದು ಗುಂಪು. ಕಡಿಮೆ ಅಂದರೂ ಆರು. ಎಂಟು, ಹತ್ತು ಆದರೆ ಇನ್ನೂ ಸಂತೋಷ. ಎರಡೇ ಬಿಟ್ಟರೆ ಫಿಲ್ಟರಿನ ಪೈಪಿನ ಹಿಂದೆ ಅಡಗಿ ಕೂರುತ್ತವೆ. ಆಹಾರ ಹಾಕಿದರೆ ಹೊರಗೆ ಬರುವುದಿಲ್ಲ. ಬಣ್ಣ ಮಂಕಾಗುತ್ತದೆ. ಮನೆಯವರು "ಔಷಧಿ ಏನಾದ್ರೂ ಇದೆಯಾ" ಅಂತ ಅಂಗಡಿಗೆ ಓಡುತ್ತಾರೆ. ಅಂಗಡಿಯಲ್ಲಿ ಔಷಧಿ ಇದ್ದೇ ಇರುತ್ತದೆ, ಅಲ್ವಾ. ಇನ್ನೂ ನಾಲ್ಕು ನಿಯಾನ್ ತೆಗೆದುಕೊಂಡು ಹೋಗಿ ಅನ್ನುವವರು ಕಡಿಮೆ.

ಈ ವಿಷಯವನ್ನು ಯಾರಿಗೆ ಬೇಕಾದರೂ ಒಪ್ಪಿಸಬಹುದು, ತೀರ್ಥಹಳ್ಳಿ ಕಡೆಯ ನನ್ನ ಭಾವನಿಗೆ ಒಪ್ಪಿಸುವುದು ಕಷ್ಟ. ಮಗಳ ಹಟಕ್ಕೆ ಜಗಲಿಯಲ್ಲಿ ಒಂದು ಮೀನಿನ ತೊಟ್ಟಿ ಇಡಬೇಕು ಅಂತ ಅವರು ಫೋನ್ ಮಾಡಿದ್ದರು.

"ಆರು ಎಂತಕ್ಕೆ ಮಾರಾಯ? ಎರಡು ಸಾಕಾಗಲ್ವ?"

"ಸಾಕಾಗಲ್ಲ ಭಾವ. ಅದು ಗುಂಪಲ್ಲೇ ಇರೋ ಮೀನು."

"ಎಂತ ಕರ್ಮ. ಒಂದೇ ಇದ್ರೆ ಆರಾಮ್ ಅಲ್ವನ ಅದಕ್ಕೆ?"

ಭಾವ ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಬಯಲುಸೀಮೆಯವರು ಗೋಡೆಗೆ ಗೋಡೆ ತಾಗಿಸಿ ಊರು ಕಟ್ಟಿಕೊಂಡರು. ನಮ್ಮ ಕಡೆ ಒಂದು ಗುಡ್ಡದ ಬುಡಕ್ಕೆ ಒಂದು ಮನೆ, ಅದರ ಕೆಳಗೆ ತೋಟ, ತೋಟದಾಚೆ ಹಳ್ಳ, ಹಳ್ಳ ದಾಟಿ ಇನ್ನೊಂದು ಗುಡ್ಡ ಹತ್ತಿದರೆ ಪಕ್ಕದ ಮನೆ. ಆಷಾಢದ ಮಳೆಯಲ್ಲಿ ಹೊರಗಿನವರ ಮುಖ ಕಾಣದೆ ದಿನಗಟ್ಟಲೆ ಕಳೆದರೂ ಭಾವನಿಗೆ ಏನೂ ಅನಿಸುವುದಿಲ್ಲ. ಯಾರಾದರೂ ಬಂದರೇನೇ ಅವರಿಗೆ ಸ್ವಲ್ಪ ಗಾಬರಿ. ಇಂಥವರಿಗೆ, ನಾಲ್ಕು ಜನ ಸುತ್ತ ಇಲ್ಲದಿದ್ದರೆ ಹೆದರಿ ಬಣ್ಣ ಬಿಡುವ ಪ್ರಾಣಿ ಇದೆ ಅಂದರೆ ಹೇಗೆ ನಂಬುತ್ತಾರೆ?

ಮೀನಿನ ಲೆಕ್ಕ ಬೇರೆ. ಬೆರಳಿನ ಅರ್ಧ ಉದ್ದದ ಜೀವ, ಸುತ್ತ ನುಂಗುವವರೇ ಜಾಸ್ತಿ. ಗುಂಪಿನಲ್ಲಿದ್ದರೆ ನೋಡುವ ಕಣ್ಣು ಹೆಚ್ಚು. ಬೇಟೆಗೆ ಬಂದ ದೊಡ್ಡ ಮೀನಿಗೂ ಯಾವುದಕ್ಕೆ ಬಾಯಿ ಹಾಕಬೇಕು ಅಂತ ತಲೆ ಕೆಡುತ್ತದೆ. ಎಲ್ಲವೂ ಒಂದೇ ಸಲ ತಿರುಗುವುದನ್ನು ನೋಡಿದರೆ ಒಳಗೆ ಯಾರೋ ಸೀಟಿ ಊದಿರಬೇಕು ಅನಿಸುತ್ತದೆ. ಆದರೆ ಅಲ್ಲಿ ಯಜಮಾನ ಇಲ್ಲ. ಪ್ರತಿ ಮೀನೂ ತನ್ನ ಅಕ್ಕಪಕ್ಕದವರನ್ನು ಮಾತ್ರ ಗಮನಿಸುತ್ತದೆ. ಮೈಯ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಇರುತ್ತದೆ. ಪಕ್ಕದವನು ಸ್ವಲ್ಪ ಅಲುಗಿದರೂ ನೀರಿನ ಒತ್ತು ಅದಕ್ಕೆ ತಾಗುತ್ತದೆ. ಕಣ್ಣು ಮತ್ತು ಆ ಗೆರೆ ಎರಡೂ ಸೇರಿ ಕೆಲಸ ಮಾಡುತ್ತವೆ.

ಭಾವನ ಎರಡನೆಯ ವಾದ ದುಡ್ಡಿನದು. "ಮೊದಲ ಮಳೆ ಬಿದ್ರೆ ಗದ್ದೆಗೇ ಮೀನು ಹತ್ತಿ ಬರ್ತಾವೆ. ಕೂಣಿ ಇಟ್ರೆ ಬುಟ್ಟಿಗಟ್ಟಲೆ. ದುಡ್ಡು ಕೊಟ್ಟು ತರೋದಾ?" ಕೂಣಿ ಅಂದರೆ ಮೀನು ಹಿಡಿಯಲು ಹರಿವಿಗೆ ಅಡ್ಡ ಇಡುವ ಬಿದಿರಿನ ಬುಟ್ಟಿ. ಮಲೆನಾಡಿನವರಿಗೆ ಹೀಗೆ ಹತ್ತಿ ಬರುವ 'ಹತ್ತುಮೀನಿನ' ರುಚಿ ಗೊತ್ತಿರುವಾಗ ಮೀನನ್ನು ತಿನ್ನದೆ ಸುಮ್ನೆ ನೋಡುತ್ತಾ ಕೂರುವುದು ವಿಚಿತ್ರವೇ. ಆದರೆ ಆ ಮೀನುಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ಏರಿ ಬಂದವು. ಅವಕ್ಕೆ ಹೊಳೆ ಬೇಕು, ಓಟ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಕೂಡಿಟ್ಟರೆ ಪಾಪ. ಘಟ್ಟದ ಹೊಳೆಯಿಂದ ತೊಟ್ಟಿಗೆ ಹೋಗಿ ಜಗತ್ತಿಗೇ ಹೆಸರಾದ ಮೀನೂ ಒಂದಿದೆ: ಕೆಂಪು ಗೆರೆಯ 'ಮಿಸ್ ಕೇರಳ'. ಕೇರಳದ ಹೊಳೆಗಳಲ್ಲಿ, ದಕ್ಷಿಣ ಕರ್ನಾಟಕದ ಕೆಲವು ಕಡೆ ಬಿಟ್ಟರೆ ಬೇರೆಲ್ಲೂ ಅದು ಹುಟ್ಟುವುದಿಲ್ಲ. ವ್ಯಾಪಾರಕ್ಕೆ ಹಿಡಿದೂ ಹಿಡಿದೂ ಈಗ ಅಳಿವಿನ ಅಂಚಿನವುಗಳ ಪಟ್ಟಿಗೆ ಸೇರಿದೆ. ಅರ್ಧ ಅಡಿ ಬೆಳೆಯುತ್ತದೆ, ಅದೂ ಗುಂಪಿನ ಮೀನೇ, ನಾಲ್ಕಡಿ ತೊಟ್ಟಿಯಾದರೂ ಬೇಕು. ಹೊಸಬರು ಕೈ ಹಾಕಬಾರದು.

ಭಾವ ಇಡಲು ಹೊರಟದ್ದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಅಂಚಿನವರೆಗೆ ತುಂಬಿದರೆ 56 ಲೀಟರ್ ಹಿಡಿಯುತ್ತದೆ. ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 45. ನೀರಿನ ಭಾರವೇ ಅಷ್ಟು ಕೆಜಿ ಇರುತ್ತದೆ, ಆದ್ದರಿಂದ ಹಳೆ ಟೀಪಾಯಿ ಮೇಲೆ ಇಡಬೇಡಿ ಅಂತ ಮೊದಲೇ ಹೇಳಿದೆ. ಇಷ್ಟು ನೀರಿನಲ್ಲಿ ಎರಡು ಗುಂಪು ಹಿಡಿಯುತ್ತದೆ. ಮಧ್ಯದ ನೀರಿಗೆ ಒಂದು, ತಳಕ್ಕೆ ಒಂದು. ಐದು ಜಾತಿಯಿಂದ ಎರಡೆರಡು ತಂದು ಹತ್ತು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಸಿಗುವುದು ಬೇಸರದಲ್ಲಿರುವ ಹತ್ತು ಮೀನು. ಒಂದೇ ಜಾತಿಯ ಎಂಟು ತಂದರೆ ಮೊದಲು "ಇಷ್ಟೇನಾ" ಅನಿಸುತ್ತದೆ. ಆ ಎಂಟೂ ಒಟ್ಟಿಗೆ ತಿರುಗಿ ಬೆಳಕು ಹೊಡೆದಾಗ ಮಾತು ಬದಲಾಗುತ್ತದೆ.

ಟೈಗರ್ ಬಾರ್ಬ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲ ಅಂಗಡಿಯಲ್ಲೂ ಇರುತ್ತದೆ, ಮೈಮೇಲೆ ಕಪ್ಪು ಪಟ್ಟೆ, ರೆಕ್ಕೆಯ ತುದಿಗೆ ಕೆಂಪು, ನೋಡಲು ಚುರುಕು. ಮಕ್ಕಳ ಕೈ ಮೊದಲು ಹೋಗುವುದು ಅಲ್ಲಿಗೇ. ಮೂರು ನಾಲ್ಕು ತಂದು ಗಪ್ಪಿ, ಫೈಟರ್, ಏಂಜಲ್ ಇರುವ ತೊಟ್ಟಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಉದ್ದ ರೆಕ್ಕೆಯವರ ರೆಕ್ಕೆಯೆಲ್ಲ ಚಿಂದಿ. ಅದೇ ಟೈಗರ್ ಬಾರ್ಬ್ ಎಂಟು ಹತ್ತು ಇದ್ದರೆ ಹೊರಗಿನವರ ತಂಟೆಗೆ ಹೋಗುವುದು ಕಡಿಮೆಯಾಗುತ್ತದೆ. ಅವಕ್ಕೆ ತಮ್ಮತಮ್ಮಲ್ಲೇ ಜಗಳ ಆಡುವುದಕ್ಕೆ ಬೇಕಾದಷ್ಟು ಸಿಗುತ್ತದೆ, ಯಾರು ಮೇಲು ಯಾರು ಕೆಳಗು ಅಂತ ದಿನವಿಡೀ ಲೆಕ್ಕ ನಡೆಯುತ್ತದೆ. ಇದು ನಮ್ಮ ಯಾವ ಊರಿನ ಪಂಚಾಯ್ತಿಯ ಕಥೆ ಅಂತ ನಾನು ಹೇಳುವುದಿಲ್ಲ. ಎಷ್ಟಿದ್ದರೂ ಫೈಟರ್ ಜೊತೆ ಮಾತ್ರ ಬೇಡ. ಏಂಜಲ್ ಕೂಡ ಮರಿಯಿದ್ದಾಗ ಸಾಧು, ಬೆಳೆದ ಮೇಲೆ ನಿಯಾನ್ ಅದರ ಬಾಯಿಯ ಅಳತೆಗೇ ಸರಿಯಾಗಿರುತ್ತದೆ. ಗೋಲ್ಡ್‌ಫಿಶ್ ಸ್ವಭಾವ ಒಳ್ಳೆಯದು, ಹೊಟ್ಟೆ ದೊಡ್ಡದು, ಗಲೀಜು ಅದಕ್ಕಿಂತ ದೊಡ್ಡದು. ಅದಕ್ಕೆ ಬೇರೆ ಮನೆಯೇ ಆಗಬೇಕು.

ನೀರಿನ ವಿಷಯದಲ್ಲಿ ನಾವು ಅದೃಷ್ಟವಂತರು. ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಹೇಳಿದ್ದು ಮೀನನ್ನು ನೆನೆದು ಅಲ್ಲ, ಆದರೂ ಈ ನೀರು ಮೀನಿಗೂ ಹಿಡಿಸುತ್ತದೆ. ಮಲೆನಾಡಿನ ಹೊಳೆ, ಅಬ್ಬಿ, ಬಾವಿಯ ನೀರಲ್ಲಿ ಸುಣ್ಣದಂಶ ಕಡಿಮೆ. ನಿಯಾನ್‌ನ ತವರು ಅಮೆಜಾನ್ ಕಾಡಿನ ಹಳ್ಳಗಳು. ಅಲ್ಲಿ ಉದುರಿದ ಎಲೆ ನೆನೆದು ನೀರು ಅಡಿಕೆ ಬೇಯಿಸಿದ ತೆಳು ಚೊಗರಿನ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೆದುವಾಗಿರುತ್ತದೆ. ಒಣಗಿದ ಕಾಡುಬಾದಾಮಿ ಎಲೆಯೊಂದನ್ನು ತೊಳೆದು ತೊಟ್ಟಿಗೆ ಹಾಕಿದರೆ ಆ ಬಣ್ಣ ಇಲ್ಲೂ ಬರುತ್ತದೆ. ಗಪ್ಪಿ, ಮೋಲಿಗೆ ಇದರ ಉಲ್ಟಾ, ಗಡಸು ನೀರೇ ಇಷ್ಟ. ಬಯಲುಸೀಮೆಯ ಬೋರ್‌ವೆಲ್ ನೀರಲ್ಲಿ ಕೊಬ್ಬಿ ಬೆಳೆಯುವ ಮೋಲಿ ಇಲ್ಲಿ ಸೊರಗುವುದು ಅದಕ್ಕೇ. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಿಸಬೇಕು. ಒಂದು ದಿನ ಬಕೆಟ್ಟಿನಲ್ಲಿ ಬಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ.

ಆದರೂ ಭಾವನ ಮನೆಗೆ ನಾನು ನಿಯಾನ್ ಹೇಳಲಿಲ್ಲ. ಜಗಲಿಯಲ್ಲಿ ಮಳೆಗಾಲದ ಥಂಡಿ, ಚಳಿಗಾಲದ ಇಬ್ಬನಿ. ನಿಯಾನ್‌ಗೆ 20 ಡಿಗ್ರಿಗಿಂತ ಕೆಳಗೆ ಇಳಿದರೆ ಕಷ್ಟ. ಹೀಟರ್ ಹಾಕಬಹುದು, ಆದರೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಹಾಗಾಗಿ ಜೀಬ್ರಾ ಡೇನಿಯೊ ಹೇಳಿದೆ. ನೀಲಿ ಮೈಮೇಲೆ ಉದ್ದುದ್ದ ಬೆಳ್ಳಿ ಗೆರೆ, ಒಂದು ನಿಮಿಷ ನಿಂತಲ್ಲಿ ನಿಲ್ಲದ ಮೀನು. 18 ಡಿಗ್ರಿಯಲ್ಲೂ ಆಟವಾಡುತ್ತದೆ. ಹಾರುವ ಚಟ ಇದೆ, ಮುಚ್ಚಳ ಬೇಕೇ ಬೇಕು. ಜಗಲಿಯಲ್ಲಿ ಬೆಕ್ಕು ಬೇರೆ ಇದೆ.

ಈ ಮೀನು ನಮ್ಮ ದೇಶದ್ದೇ. ಅದಕ್ಕೆ ವಿಜ್ಞಾನದ ಹೆಸರು ಕೊಟ್ಟವನಿಗೆ ನಮ್ಮ ಸೀಮೆಯ ಪರಿಚಯವೂ ಇತ್ತು. ಟಿಪ್ಪು ಬಿದ್ದ ಮೇಲೆ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರ್ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿದ. ಇಕ್ಕೇರಿ, ಬಿದನೂರು ನಗರದ ಕಡೆಗೂ ಬಂದು ಇಲ್ಲಿಯ ಅಡಿಕೆ, ಮೆಣಸಿನ ಲೆಕ್ಕ ಬರೆದುಕೊಂಡು ಹೋದ. ಮುಂದೆ ತಾಯಿಯ ಕಡೆಯ ಆಸ್ತಿ ಬಂದು ಹ್ಯಾಮಿಲ್ಟನ್ ಅಂತ ಹೆಸರು ಬದಲಾಯಿಸಿಕೊಂಡ. ಆ ಹೆಸರಿನಲ್ಲೇ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಬರೆಯುವಾಗ ಈ ಪಟ್ಟೆ ಮೀನನ್ನೂ ಸೇರಿಸಿದ. ಈಗ ಜಗತ್ತಿನ ಲ್ಯಾಬುಗಳಲ್ಲೆಲ್ಲ ಇದೇ ಮೀನು. ಅದರ ಭ್ರೂಣ ಗಾಜಿನಷ್ಟು ಪಾರದರ್ಶಕ, ಹೃದಯ ಬೆಳೆಯುವುದನ್ನು ಹೊರಗಿನಿಂದಲೇ ನೋಡಬಹುದು. ಇದನ್ನೆಲ್ಲ ಭಾವನಿಗೆ ಹೇಳಿದೆ. "ಅಡಿಕೆ ರೇಟು ಆಗ ಎಷ್ಟಿತ್ತಂತೆ?" ಅಂತ ಕೇಳಿದರು.

ಎಂಟು ಡೇನಿಯೊ, ಅವು ಹೊಂದಿಕೊಂಡ ಮೇಲೆ ತಳಕ್ಕೆ ಆರು ಕೋರಿಡೋರಾಸ್. ಮೀಸೆ ಬಿಟ್ಟುಕೊಂಡು ಮರಳು ಕೆದಕುವ ಸಣ್ಣ ಮೀನುಗಳು ಅವು. ಅವಕ್ಕೂ ತಮ್ಮ ಗುಂಪೇ ಬೇಕು. ಅಲ್ಲಿಗೆ ನಿಲ್ಲಿಸಬೇಕು. ಎರಡನ್ನೂ ಒಂದೇ ದಿನ ಬಿಡುವ ಹಾಗಿಲ್ಲ. ಮೀನಿನ ಹೇಲು, ಉಚ್ಚೆಯಿಂದ ನೀರಲ್ಲಿ ಅಮೋನಿಯ ಸೇರುತ್ತದೆ, ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯ ನೆಲೆಯಾಗಿ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಬೇಕು. ನೈಟ್ರೈಟೂ ವಿಷವೇ, ನೈಟ್ರೇಟ್ ಅಷ್ಟು ಅಪಾಯವಿಲ್ಲ. ಗಿಡ ಎಳೆದುಕೊಳ್ಳುತ್ತದೆ, ಉಳಿದದ್ದು ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದರೆ ಹೋಗುತ್ತದೆ. ಈ ವ್ಯವಸ್ಥೆ ಕುದುರಲು ನಾಲ್ಕರಿಂದ ಆರು ವಾರ ಬೇಕು. ನೀರು ತುಂಬಿಸಿದ ಸಂಜೆಯೇ ಮೀನು ತರುವವರ ತೊಟ್ಟಿಯಲ್ಲಿ ಎರಡನೇ ವಾರ ಸಾವು ಶುರುವಾಗುವುದು ಇದಕ್ಕೇ. ದೃಷ್ಟಿ ಬಿತ್ತು ಅಂತ ಮೆಣಸಿನಕಾಯಿ ನಿವಾಳಿಸಿದವರನ್ನೂ ನೋಡಿದ್ದೇನೆ. ತೋಟಕ್ಕೆ ಗೊಬ್ಬರ ಹಾಕಿ ಗೊತ್ತಿದ್ದ ಭಾವನಿಗೆ ಮಾತ್ರ ಈ ಭಾಗ ತಕ್ಷಣ ಅರ್ಥವಾಯಿತು. ಸ್ಪಂಜನ್ನು ನಲ್ಲಿಯಡಿ ತಿಕ್ಕಿ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಬೇಕು ಅಂದಾಗಲೂ ತಕರಾರು ಮಾಡಲಿಲ್ಲ. ತೆಗೆದ ನೀರು ದಾಸವಾಳದ ಬುಡಕ್ಕೆ ಹೋಗುತ್ತಿದೆ.

ತೊಟ್ಟಿ ಬಂದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರಂತೆ. ವಾಸ್ತು ಬಲ್ಲವರೊಬ್ಬರು ಎಂಟು ಬಂಗಾರದ ಬಣ್ಣದ್ದು, ಒಂದು ಕಪ್ಪು, ಒಟ್ಟು ಒಂಬತ್ತು ಇರಬೇಕು ಅಂದರು. ಇನ್ನೊಬ್ಬರು ಇವು ಹುರಿಯುವುದಕ್ಕೂ ಸಾಲುವುದಿಲ್ಲವಲ್ಲ ಅಂದರು. ಇವೆಲ್ಲ ಪರವಾಗಿಲ್ಲ. ಕಷ್ಟವಾದದ್ದು ಮನೆಯ ಅಜ್ಜಿಯಿಂದ. ಅವರಿಗೆ ಮೀನು ಅಂದರೆ ಶೃಂಗೇರಿಯ ಮೆಟ್ಟಿಲು, ಚಿಪ್ಪಲಗುಡ್ಡೆಯ ದೇವರ ಮೀನು. ಮಂಡಕ್ಕಿ ಎಸೆದರೆ ತುಂಗೆಯೇ ಕುದಿದ ಹಾಗೆ ಮೊಗಚಿಕೊಂಡು ಬರುವ ಮೊಳದುದ್ದದ ಮೀನು. ಜಗಲಿಯ ತೊಟ್ಟಿಯ ಮುಂದೂ ಅವರು ಮುಷ್ಟಿ ತುಂಬ ಮಂಡಕ್ಕಿ ಹಿಡಿದು ನಿಂತರು. ಹೊಳೆ ಎಲ್ಲವನ್ನೂ ಒಯ್ಯುತ್ತದೆ, 45 ಲೀಟರ್ ಒಯ್ಯುವುದಿಲ್ಲ. ಹಸಿವಿನಿಂದ ಸತ್ತ ತೊಟ್ಟಿ ಮೀನು ಕಡಿಮೆ, ಉಳಿದ ಆಹಾರ ಕೊಳೆತು ಸತ್ತದ್ದೇ ಜಾಸ್ತಿ. ನಾನು ಹೋದಾಗ ಮೀನಿನ ಆಹಾರದ ಡಬ್ಬಿ ಅವರ ಕೈಗೇ ಕೊಟ್ಟು, ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ, ಎರಡು ನಿಮಿಷದಲ್ಲಿ ಖಾಲಿಯಾಗಬೇಕು ಅಂತ ಹೇಳಿದೆ.

"ಇಷ್ಟೇನ ಮಗಾ? ಬಾಣಂತಿ ಪಥ್ಯಕ್ಕಿಂತ ಕಡೆ ಆಯ್ತಲ್ಲ" ಅಂದರು.

ಆದರೂ ಒಪ್ಪಿಕೊಂಡಿದ್ದಾರೆ. ಈಗ ಅಜ್ಜಿ ಜಗಲಿಗೆ ಕಾಲಿಟ್ಟರೆ ಸಾಕು, ಎಂಟೂ ಡೇನಿಯೊ ಗಾಜಿನ ಆ ಮೂಲೆಗೇ ಓಡಿ ಬರುತ್ತವಂತೆ. ನನ್ನ ಗುರುತು ಹತ್ತಿದೆ ಅವಕ್ಕೆ ಅಂತ ಅಜ್ಜಿ. ಡಬ್ಬಿ ಗುರುತು ಅಂತ ಭಾವ.