ಫೈರ್‌ಪ್ಲೇಸ್ ಹೊತ್ತಿಸುವ ಮುಂಚೆ ಇದನ್ನೊಮ್ಮೆ ಓದಿ

ಐರ್ಲೆಂಡಿಗೆ ಹೊಸದಾಗಿ ಬಂದಿರುವ ನಮ್ಮ ಕನ್ನಡದ ಕುಟುಂಬಗಳಿಗಾಗಿ ಬರೆಯುತ್ತಿದ್ದೇನೆ. ಹಳೇ ಮನೆ ಬಾಡಿಗೆಗೆ ಸಿಕ್ಕಿದೆ, ಹಾಲ್‌ನಲ್ಲಿ ಫೈರ್‌ಪ್ಲೇಸ್ ಇದೆ ಅಂದರೆ ಯಾರಿಗೂ ಖುಷಿಯೇ. ಚಳಿ ಶುರುವಾದರೆ ಒಂದು ಚೀಲ ಕಲ್ಲಿದ್ದಲು ತಂದು ಹಚ್ಚೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಪುಟ್ಟ ಮಕ್ಕಳಿದ್ದರೆ, ಊರಿಂದ ಅಪ್ಪ ಅಮ್ಮ ಬಂದಿದ್ದರೆ ಖಂಡಿತ ಬೇಡ.

ಹೊಗೆ ಚಿಮಣಿಯಲ್ಲಿ ಹೊರಗೆ ಹೋಗುತ್ತಲ್ವಾ ಅಂತ ಕೇಳುತ್ತಾರೆ. ಹೋಗುತ್ತದೆ, ಆದರೆ ದೂರ ಹೋಗುವುದಿಲ್ಲ. ಗಾಳಿ ಆಡದ ಚಳಿಯ ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ. ಹೊಗೆ ಬೀದಿಯಲ್ಲೇ ಉಳಿಯುತ್ತದೆ. ನಮ್ಮ ಬೀದಿಯಲ್ಲಿ ಜನವರಿ ತಿಂಗಳಲ್ಲಿ ಕತ್ತಲಾದ ಮೇಲೂ ಬಟ್ಟೆ ಹೊರಗಿದ್ದರೆ ಟವೆಲ್‌ಗೆಲ್ಲ ಹೊಗೆಯ ವಾಸನೆ. ಕಿಟಕಿಯ ಬಿಳಿ ಪಟ್ಟಿಯನ್ನು ಒದ್ದೆ ಟಿಶ್ಯೂನಲ್ಲಿ ಒರೆಸಿದರೆ ಮಸಿ ಬರುತ್ತದೆ.

ಕಾಣುವ ಮಸಿಗಿಂತ ಕಾಣದ್ದು ಜಾಸ್ತಿ ಅಪಾಯ. ಹೊಗೆಯಲ್ಲಿ ಪಿಎಂ 2.5 ಇರುತ್ತದೆ, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಮೂಗಿಗೂ ಗಂಟಲಿಗೂ ಅವನ್ನು ತಡೆಯಲು ಆಗುವುದಿಲ್ಲ. ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಆಸ್ತಮಾ ಇರುವವರಿಗೆ ಉಬ್ಬಸ ಹೆಚ್ಚುತ್ತದೆ. ಅಷ್ಟೇ ಅಲ್ಲ, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕೂಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮನೆಯ ಕಲ್ಲಿದ್ದಲ ಹೊಗೆಯನ್ನು ಮೊದಲನೇ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿರುವ ಗುಂಪಿಗೆ ಸೇರಿಸಿದೆ. ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ.

ಡಬ್ಲಿನ್ ಇದನ್ನು ಅನುಭವಿಸಿ ಕಲಿತ ಊರು. ಪೆಟ್ರೋಲಿಯಂ ತೈಲದ ಬೆಲೆ ಏರಿದ ಮೇಲೆ ಸರ್ಕಾರವೇ ಕಲ್ಲಿದ್ದಲಿಗೆ ಪ್ರೋತ್ಸಾಹ ಕೊಟ್ಟಿತ್ತು. 1980ರ ದಶಕದ ಚಳಿಗಾಲಗಳಲ್ಲಿ ಊರಿಗೆ ಊರೇ ಹೊಗೆಯಲ್ಲಿ ಮುಳುಗುತ್ತಿತ್ತು. ಸಚಿವೆ ಮೇರಿ ಹಾರ್ನಿ 1990ರ ಸೆಪ್ಟೆಂಬರ್ 1ರಿಂದ ಹೊಗೆ ಕಾರುವ ಕಲ್ಲಿದ್ದಲ ಮಾರಾಟವನ್ನೇ ನಿಲ್ಲಿಸಿದರು. ಉರಿಸಬೇಡಿ ಅಂತ ಮನೆಮನೆಗೆ ಹೋಗಿ ಹೇಳಲಿಲ್ಲ, ಅಂಗಡಿಯಲ್ಲೇ ಸಿಗದ ಹಾಗೆ ಮಾಡಿದರು. ಗಾಳಿಯಲ್ಲಿನ ಕಪ್ಪು ಹೊಗೆ ಸುಮಾರು ಶೇ. 70ರಷ್ಟು ಇಳಿಯಿತು. ಉಸಿರಾಟದ ಕಾಯಿಲೆಯಿಂದ ಸಾಯುವವರು ಸುಮಾರು ಶೇ. 15ರಷ್ಟು ಕಡಿಮೆಯಾದರು ಅಂತ 2002ರ ಅಧ್ಯಯನ ಹೇಳಿತು. ಹೃದಯದ ಕಾಯಿಲೆಯ ಸಾವುಗಳೂ ಇಳಿದಿದ್ದವು. ಆದರೆ ಅವು ಹೇಗೂ ಇಳಿಯುತ್ತಲೇ ಇದ್ದವು, ಅದನ್ನು ನಿಷೇಧದ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ ಅಂತ ಆಮೇಲಿನ ಪರಿಶೀಲನೆಯಲ್ಲಿ ಗೊತ್ತಾಯಿತು. ಉಸಿರಾಟದ ಲೆಕ್ಕವೊಂದೇ ನನಗೆ ಸಾಕು.

ಇಷ್ಟೆಲ್ಲ ಕಣ್ಣೆದುರಿಗಿದ್ದರೂ ಆ ನಿಯಮ ಇಡೀ ದೇಶಕ್ಕೆ ಬಂದದ್ದು 2022ರ ಅಕ್ಟೋಬರ್ 31ಕ್ಕೆ. 32 ವರ್ಷ! ಸಣ್ಣ ಊರಿನವರ ಎದೆ ಏನು ಕಬ್ಬಿಣದ್ದಾ?

ಈಗ ಅಂಗಡಿಯಲ್ಲಿ ಸಿಗುವುದು ‘ಸ್ಮೋಕ್‌ಲೆಸ್’ ಚೀಲ. ಹೊಗೆ ಕಡಿಮೆ ನಿಜ, ಇಲ್ಲವೇ ಇಲ್ಲ ಅಂತಲ್ಲ. ಒದ್ದೆ ಸೌದೆ, ಟರ್ಫ್ (ಜೌಗು ನೆಲದಿಂದ ಅಗೆದು ಒಣಗಿಸಿದ ಉರುವಲು) ಬೇರೆ ಉರಿಯುತ್ತಲೇ ಇವೆ. ಇಷ್ಟು ಮಾಡಿಯೂ ತೆರೆದ ಫೈರ್‌ಪ್ಲೇಸಿನ ಶಾಖದಲ್ಲಿ ಬಹುಪಾಲು ಚಿಮಣಿಗೇ ಹೋಗುತ್ತದೆ.

ಪಕ್ಕದ ಮನೆಯ ಅಜ್ಜ ಉರಿಸಿದರೆ ನಾನು ಬೈಯುವುದಿಲ್ಲ. ಪೆನ್ಷನ್ ದುಡ್ಡಿನಲ್ಲಿ ಬದುಕುವವರಿಗೆ ಬೇರೆ ಹೀಟಿಂಗ್ ಹಾಕಿಸಿಕೊಡುವುದು ಸರ್ಕಾರದ ಕೆಲಸ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ರೇಡಿಯೇಟರ್ ಇದೆ. ಅದನ್ನೇ ಹಾಕಿಕೊಳ್ಳಿ. ಬೇರೆ ದಾರಿಯೇ ಇಲ್ಲದ ಮನೆಯಾದರೆ ಓನರ್ ಹತ್ತಿರ ಕೂತು ಮಾತಾಡಿ, ಅಲ್ಲಿಯವರೆಗೆ ಕಾರ್ಬನ್ ಮಾನಾಕ್ಸೈಡ್ (ಬೆಂಕಿಯಿಂದ ಬರುವ, ವಾಸನೆಯೇ ಇಲ್ಲದ ವಿಷಗಾಳಿ) ಅಲಾರಂ ಇಲ್ಲದೆ ಬೆಂಕಿ ಹಚ್ಚಬೇಡಿ.