ಕೊನೆಯ 5 ಮಿಲಿಗ್ರಾಂ

ಲೂಪಸ್ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ) ಇರುವವರಿಗೆ ರಾತ್ರಿ ಹತ್ತು ಗಂಟೆ ಮೇಲೆ ಮೊಬೈಲಿಗೆ ರಿಪೋರ್ಟ್ ಕಳಿಸಬಾರದು ಅಂತ ಯಾರಾದರೂ ಒಂದು ಕಾನೂನು ಮಾಡಬೇಕು. ಡಾಕ್ಟರ್ ಸಿಗುವುದು ಮೂರು ದಿನ ಬಿಟ್ಟು. ಅಲ್ಲಿಯವರೆಗೆ ದಪ್ಪ ಅಕ್ಷರದಲ್ಲಿರುವ ನಂಬರುಗಳನ್ನೇ ನೋಡುತ್ತಾ, ಅದಕ್ಕೆ ತಕ್ಕ ಹಾಗೆ ಮೈಯಲ್ಲಿ ನೋವು ಹುಡುಕುತ್ತಾ ಕೂತಿರುತ್ತೇವೆ.

ಮೊದಲ ವರ್ಷ ನಾನು ಎಎನ್‌ಎ ಹಿಂದೆ ಬಿದ್ದಿದ್ದೆ. ಅಂದರೆ ನಮ್ಮದೇ ಜೀವಕೋಶಗಳ ವಿರುದ್ಧ ದೇಹ ಮಾಡುವ ಪ್ರತಿಕಾಯಗಳ ಟೆಸ್ಟ್, ಎರಡನೇ ಅಂಕಿ ದೊಡ್ಡದಾದಷ್ಟೂ ಅವು ಜಾಸ್ತಿ. 1:640 ಇದ್ದದ್ದು 1:1280 ಆಯ್ತು ಅಂತ ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡೆ. ಸುಮ್ನೆ. ಎಎನ್‌ಎ ಕೆಲಸ ರೋಗ ಗುರುತಿಸುವ ಹೊತ್ತಿಗೆ ಮುಗಿಯಿತು, ಕಾಯಿಲೆ ಏರಿತಾ ಇಳಿಯಿತಾ ಅಂತ ಅದು ಹೇಳುವುದಿಲ್ಲ. 1:80 ಮಟ್ಟದಲ್ಲಾದರೆ ಏನೂ ಕಾಯಿಲೆ ಇಲ್ಲದ ನೂರು ಜನರಲ್ಲಿ ಸುಮಾರು 13 ಜನಕ್ಕೆ ಪಾಸಿಟಿವ್ ಬರುತ್ತದೆ.

ನೋಡಬೇಕಾದದ್ದು ಬೇರೆ. ಡಿಎಸ್‌ಡಿಎನ್‌ಎ (ನಮ್ಮದೇ ಡಿಎನ್‌ಎ ವಿರುದ್ಧದ ಪ್ರತಿಕಾಯ) ಏರುತ್ತಾ ಹೋಗಿ, ಅದೇ ಹೊತ್ತಿಗೆ ಸಿ3, ಸಿ4 ಇಳಿಯುತ್ತಾ ಬಂದರೆ ಎಚ್ಚರವಾಗಿರಬೇಕು. ಸಿ3, ಸಿ4 ಅಂದರೆ ರಕ್ತದಲ್ಲಿರುವ ಪ್ರೋಟೀನುಗಳು, ಲೂಪಸ್ ಕೆರಳಿದಾಗ ಖರ್ಚಾಗಿ ಹೋಗುತ್ತವೆ. ಅದಕ್ಕೇ ಇಲ್ಲಿ ಕಡಿಮೆ ಅಂದರೆ ಕೆಟ್ಟದ್ದು. ನನ್ನ ಸಿ4 ಮಾತ್ರ ಆರಾಮಾಗಿದ್ದಾಗಲೂ ಕಡಿಮೆಯೇ ಇರುತ್ತದೆ, ಕೆಲವರದು ಹುಟ್ಟಿನಿಂದಲೇ ಹಾಗಂತೆ. ಆದ್ದರಿಂದ ಲ್ಯಾಬಿನವರು ಪಕ್ಕದಲ್ಲಿ ಕೊಡುವ ನಾರ್ಮಲ್ ರೇಂಜಿಗಿಂತ ನನ್ನದೇ ಹಳೆಯ ನಾಲ್ಕು ರಿಪೋರ್ಟು ನನಗೆ ಜಾಸ್ತಿ ಉಪಯೋಗ. ಇನ್ನೊಂದು, ಸಿಆರ್‌ಪಿ. ಇದೂ ಇಎಸ್‌ಆರೂ ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಟೆಸ್ಟುಗಳು. ಲೂಪಸ್ ಏರಿದಾಗ ಎಷ್ಟೋ ಸಲ ಇಎಸ್‌ಆರ್ ಮಾತ್ರ ಏರುತ್ತದೆ, ಸಿಆರ್‌ಪಿ ಅಷ್ಟಾಗಿ ಅಲುಗಾಡುವುದಿಲ್ಲ. ಅದು ಧಡಕ್ಕನೆ ಮೇಲೆ ಹೋದರೆ ಡಾಕ್ಟರು ಮೊದಲು ಇನ್‌ಫೆಕ್ಷನ್ ಇದೆಯಾ ಅಂತ ಹುಡುಕುತ್ತಾರೆ.

ರಕ್ತದ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಮೂತ್ರದ ಟೆಸ್ಟ್. ಲೂಪಸ್ ಕಿಡ್ನಿಗೆ ಹೋದರೆ ನೋವೇ ಬರುವುದಿಲ್ಲ ಕಣ್ರೀ. ಪ್ರೋಟೀನ್-ಕ್ರಿಯಾಟಿನಿನ್ ರೇಷಿಯೋ (ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಅನ್ನುವ ಲೆಕ್ಕ) 0.5 ದಾಟಿತು ಅಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಈಗ ಸ್ಟಿರಾಯ್ಡ್ ಕಥೆ. ಒಂದು ಸಲ ರಿಪೋರ್ಟ್ ಚೆನ್ನಾಗಿ ಬಂತು. ಸ್ಟಿರಾಯ್ಡಿನಿಂದ ಮುಖ ಊದಿದ್ದು ನೋಡಿ ನೋಡಿ ಬೇಜಾರಾಗಿತ್ತು, 7.5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ತೊಗೊಳ್ಳುತ್ತಿದ್ದವಳು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಮೂರನೇ ದಿನ ಬೆಳಗ್ಗೆ ಹಲ್ಲುಜ್ಜಲು ನಿಂತವಳು ತಲೆ ಸುತ್ತಿ ಬಾತ್‌ರೂಮಿನ ನೆಲದ ಮೇಲೆ ಕೂತುಬಿಟ್ಟೆ. ಬ್ರಷ್ ಬಾಯಲ್ಲೇ ಇತ್ತು. ಆಮೇಲೆ ವಾಂತಿ, ಬಿಪಿ ಪಾತಾಳಕ್ಕೆ, ಆಸ್ಪತ್ರೆ. ಡಾಕ್ಟರು ಬೈಯಲಿಲ್ಲ, "ಲೂಪಸ್ ಸುಮ್ಮನಿತ್ತಮ್ಮ, ನೀವೇ ಸುಮ್ಮನಿರಲಿಲ್ಲ" ಅಂದರು.

ವಿಷಯ ಇಷ್ಟೇ. ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಮಾಡುವ ಕಾರ್ಟಿಸಾಲ್, ಅಂದರೆ ದೇಹದ ಸ್ವಂತ ಸ್ಟಿರಾಯ್ಡ್, ಹೆಚ್ಚುಕಡಿಮೆ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ತಿಂಗಳುಗಟ್ಟಲೆ ಮಾತ್ರೆ ಕೊಟ್ಟರೆ ಗ್ರಂಥಿ ನಿದ್ದೆ ಹೋಗುತ್ತದೆ, ಎಬ್ಬಿಸಲು ಸಮಯ ಬೇಕು. 40ರಿಂದ 10ಕ್ಕೆ ಇಳಿಯಲು ನನಗೆ ಕೆಲವು ವಾರ ಸಾಕಾಯಿತು. 5ರಿಂದ ಕೆಳಗೆ ತಿಂಗಳಿಗೆ 1 ಮಿಲಿಗ್ರಾಂ, ಅದೂ ಒಮ್ಮೊಮ್ಮೆ ಎರಡು ತಿಂಗಳಿಗೆ. ಪ್ರತಿ ಸಲ ಇಳಿಸಿದಾಗಲೂ ಮೊದಲ ಹತ್ತು ದಿನ ಮೈಕೈ ನೋವು, ಸುಸ್ತು, ಯಾರ ಮೇಲಾದರೂ ರೇಗಬೇಕು ಅನ್ನಿಸುವುದು. ಲೂಪಸ್ ವಾಪಸ್ ಬಂತು ಅಂತಲೇ ಹೆದರುತ್ತಿದ್ದೆ. ಈಗ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ: ಬರೀ ನೋವಾ, ಅಥವಾ ಕೀಲು ಊದಿದೆಯಾ, ಬಾಯಲ್ಲಿ ಹುಣ್ಣು ಇದೆಯಾ, ಮುಖದಲ್ಲಿ ಕೆಂಪು ಎದ್ದಿದೆಯಾ. ಬರೀ ನೋವಾಗಿದ್ದು ದಿನೇದಿನೇ ಇಳಿಯುತ್ತಿದ್ದರೆ ಕಾಯುತ್ತೇನೆ, ಉಳಿದದ್ದರಲ್ಲಿ ಒಂದು ಕಂಡರೂ ಫೋನ್ ಮಾಡುತ್ತೇನೆ.

"ಇನ್ನೂ ಸ್ಟಿರಾಯ್ಡಾ?" ಅಂತ ಕೇಳುವ ನೆಂಟರಿಗೆ ಒಂದು ಮಾತು. ಯುರೋಪಿನ ರುಮಟಾಲಜಿ ಡಾಕ್ಟರುಗಳ ಸಂಘ 2023ರಲ್ಲಿ ಹೇಳಿದ್ದು ದಿನಕ್ಕೆ 5 ಮಿಲಿಗ್ರಾಂ ಅಥವಾ ಕಡಿಮೆಗೆ ತನ್ನಿ, ಸಾಧ್ಯವಾದರೆ ನಿಲ್ಲಿಸಿ ಅಂತ. ಆ "ಸಾಧ್ಯವಾದರೆ" ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. 3 ಮಿಲಿಗ್ರಾಂನಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿರುವವರನ್ನು ಸೋತವರ ಥರ ನೋಡುವುದು ನನಗೆ ಸರಿ ಕಾಣುವುದಿಲ್ಲ. ಮತ್ತೆ, ಸ್ಟಿರಾಯ್ಡ್ ಬಿಡುವ ಖುಷಿಯಲ್ಲಿ ಲೂಪಸ್ ಹತೋಟಿಯಲ್ಲಿಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೂಡ ಬಿಟ್ಟುಬಿಡುವವರಿದ್ದಾರೆ. ಇಷ್ಟು ದಿನ ಕಾವಲು ಕಾಯುತ್ತಿದ್ದದ್ದೇ ಅದು, ಅಲ್ವಾ?

ನಾನೀಗ 2 ಮಿಲಿಗ್ರಾಂನಲ್ಲಿದ್ದೇನೆ. ಗ್ರಂಥಿ ಎದ್ದಿದೆಯಾ ಅಂತ ನೋಡಲು ಮುಂದಿನ ವಾರ ಬೆಳಗ್ಗೆ ಎಂಟಕ್ಕೆ ಕಾರ್ಟಿಸಾಲ್ ಟೆಸ್ಟ್, ರಕ್ತ ಕೊಟ್ಟ ಮೇಲೆಯೇ ಅವತ್ತಿನ ಮಾತ್ರೆ ಅಂದಿದ್ದಾರೆ. ರಿಪೋರ್ಟ್ ಮಾತ್ರ ರಾತ್ರಿಯೇ ಬರುತ್ತದೆ, ಬಿಡಿ.